ಜಿನಮತಿ ತೆರೆಯದ ರಿಪೋರ್ಟು

ಇಚಲಕರಂಜಿಯ ಆ ಓಣಿಯಲ್ಲಿ ಮಗ್ಗಗಳ ಸದ್ದು ನಿಲ್ಲುವುದು ಕರೆಂಟು ಹೋದಾಗ ಮಾತ್ರ. ಆಗ ಜನ ದನಿ ತಗ್ಗಿಸುವುದನ್ನು ಮರೆತು ಹಾಗೆಯೇ ಗಟ್ಟಿಯಾಗಿ ಮಾತಾಡುತ್ತಿರುತ್ತಾರೆ, ಒಂದು ಮನೆಯ ಮಾತು ಹತ್ತು ಮನೆಗೆ ಕೇಳಿಸುತ್ತದೆ. ಓಣಿಯ ತುದಿಯ ಕಟ್ಟಡದ ಮೊದಲ ಮಹಡಿಯಲ್ಲಿ ರಕ್ತ ತಪಾಸಣೆಯ ಒಂದು ಲ್ಯಾಬು ಇದೆ. ಅದರ ಕೌಂಟರಿನಲ್ಲಿ ಕೂರುವವಳು ಜಿನಮತಿ.

ಜಿನಮತಿ ನಾಂದಣಿಯ ಹೆಣ್ಣುಮಗಳು. ಮದುವೆಯಾಗಿ ಇಚಲಕರಂಜಿಗೆ ಬಂದಳು. ಗಂಡ ಶೀತಲ ಮಗ್ಗ ರಿಪೇರಿಯ ಫಿಟ್ಟರ್, ಮಾತು ಕಡಿಮೆಯ ಮನುಷ್ಯ. ಮಗಳು ಬಾಲವಾಡಿಗೆ ಹೋಗತೊಡಗಿದಾಗ ಜಿನಮತಿ ಈ ಕೆಲಸಕ್ಕೆ ಸೇರಿದಳು. ಲ್ಯಾಬಿನ ಹಿರಿಯ ಡಾಕ್ಟರರು ಅವಳನ್ನು ತೆಗೆದುಕೊಂಡದ್ದು ಅವಳ ನಾಲಿಗೆಗಾಗಿ. ಶಿರೋಳ, ಗಡಹಿಂಗ್ಲಜ ಕಡೆಯಿಂದ ಬಂದವರ ಜೊತೆ ಕನ್ನಡ, ಊರವರ ಜೊತೆ ಮರಾಠಿ, ಮಗ್ಗದ ಕೆಲಸಕ್ಕೆ ಉತ್ತರದಿಂದ ಬಂದ ಹುಡುಗರ ಜೊತೆ ಮುರುಕು ಹಿಂದಿ. ಸೂಜಿ ಕಂಡರೆ ಕಣ್ಣು ಮುಚ್ಚಿಕೊಳ್ಳುವ ಮೀಸೆಯ ಗಂಡಸರೂ ಅವಳು ಪಕ್ಕದಲ್ಲಿ ಮಾತಾಡಿಸುತ್ತ ನಿಂತರೆ ತೋಳು ಚಾಚುತ್ತಿದ್ದರು.

ಊರಿಗೆಲ್ಲ ಅವಳು ಬೇಕಾದವಳು. ರಿಪೋರ್ಟು ಒಯ್ಯಲು ಮರೆತವರಿಗೆ ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತಿದ್ದಳು. ಸಂತೆಯಲ್ಲಿ ಸೊಪ್ಪು ಕೊಳ್ಳುತ್ತ ನಿಂತವರಿಗೆ ನಿಮ್ಮ ಸಕ್ಕರೆ ಇಳಿದಿದೆ ಎಂದು ಅಲ್ಲೇ ಹೇಳಿಬಿಡುತ್ತಿದ್ದಳು. ಅವಳಲ್ಲಿ ಕೆಡುಕು ಇರಲಿಲ್ಲ. ಕೇಳಿದವರು ಬಾಯಿ ತುಂಬ ಹರಸುತ್ತಿದ್ದರು. ಇಷ್ಟು ಜನರ ಮನೆಯ ಸಂಗತಿ ತನಗೆ ಗೊತ್ತು ಎಂಬುದು ಅವಳಿಗೊಂದು ಸಣ್ಣ ಹೆಮ್ಮೆಯೂ ಆಗಿತ್ತು.

ಹಿರಿಯ ಡಾಕ್ಟರರು ದಣಿದ ಮೇಲೆ ಅವರ ಮಗಳು ಸೋನಲ ಕೊಲ್ಲಾಪುರದಲ್ಲಿ ಓದು ಮುಗಿಸಿ ಬಂದು ಲ್ಯಾಬು ವಹಿಸಿಕೊಂಡರು. ಎಲ್ಲ ರಿಪೋರ್ಟುಗಳು ಕಂಪ್ಯೂಟರಿಗೆ ಹೋದವು. ಎಲ್ಲರಿಗೂ ಸೇರಿ ಒಂದೇ ಪಾಸ್‌ವರ್ಡ್, ಅದನ್ನು ಚೀಟಿಯಲ್ಲಿ ಬರೆದು ಪರದೆಯ ಮೂಲೆಗೆ ಅಂಟಿಸಿದ್ದರು. ದೂರದ ಯಾವುದೋ ಊರಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಾಹಿತಿಯೆಲ್ಲ ಕಳ್ಳರ ಪಾಲಾಯಿತು ಎಂಬ ಸುದ್ದಿ ಓದಿದ ದಿನ ಸೋನಲ ಆ ಚೀಟಿಯನ್ನು ಕಿತ್ತು ಹರಿದರು. ಮರುವಾರ ಕೊಲ್ಲಾಪುರದಿಂದ ವಿಕಾಸ ಎಂಬ ತರುಣನನ್ನು ಕರೆಸಿದರು. ಕಂಪ್ಯೂಟರಿನ ಸುರಕ್ಷತೆ ಕಲಿಸುವುದೇ ಅವನ ಕೆಲಸ.

ಅವನು ಬರಬೇಕಿದ್ದ ಬೆಳಿಗ್ಗೆ ಕೌಂಟರಿಗೆ ಒಂದು ಫೋನ್ ಬಂತು. ಮೆತ್ತನೆಯ ಮರಾಠಿ. ವಿಮೆಯ ಆಫೀಸಿನಿಂದ ಮಾತಾಡುತ್ತಿದ್ದೇನೆ ತಾಯಿ, ಮೂವರು ಬಡವರ ಕಾಗದ ನಿಂತುಹೋಗಿದೆ, ಅವರ ರಿಪೋರ್ಟಿನಲ್ಲಿ ಏನಿದೆ ಎಂದು ಹೇಳಿದರೆ ಇಂದೇ ಕೆಲಸವಾಗುತ್ತದೆ ಎಂದಿತು ದನಿ. ಜಿನಮತಿಗೆ ಅಯ್ಯೋ ಅನಿಸಿತು. ಒಂದೊಂದೇ ತೆಗೆದು ಓದಿ ಹೇಳಿದಳು. ಆ ಮನುಷ್ಯ ತುಂಬ ಉಪಕಾರವಾಯಿತು ಎಂದ.

ಮಧ್ಯಾಹ್ನ ಎಲ್ಲರನ್ನೂ ಕೂಡಿಸಿಕೊಂಡು ವಿಕಾಸ ಮಾತು ಶುರುಮಾಡಿದ. ಬೆಳಿಗ್ಗೆ ಈ ಲ್ಯಾಬಿನಿಂದ ತಾನು ಫೋನಿನಲ್ಲೇ ಏನೇನು ಪಡೆದೆ ಎಂದು ಹೇಳುತ್ತ ಹೋದ. ಅದೇ ಮೆತ್ತನೆಯ ದನಿ. ಕೊಟ್ಟವರ ಹೆಸರು ಹೇಳಲಿಲ್ಲ. ಆ ಮೂವರು ರೋಗಿಗಳೂ ನಿಜವಾದವರಲ್ಲ, ಡಾಕ್ಟರ್ ಸೋನಲ ಪರೀಕ್ಷೆಗೆಂದೇ ಕಂಪ್ಯೂಟರಿನಲ್ಲಿ ಸೇರಿಸಿದ ಸುಳ್ಳು ಹೆಸರುಗಳು ಎಂದೂ ತಿಳಿಸಿದ. ಆದರೂ ಜಿನಮತಿಯ ಕಿವಿಗಳು ಕಾದ ಹೆಂಚಿನಂತಾಗಿದ್ದವು. ನಿಜವಾದ ಹೆಸರುಗಳಾಗಿದ್ದರೂ ತಾನು ಹಾಗೆಯೇ ಓದಿ ಹೇಳುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು.

ಎಲ್ಲರೂ ಎದ್ದ ಮೇಲೆ ಅವಳು ಅವನ ಬಳಿ ಹೋಗಿ ಕೇಳಿದಳು. "ಖರೇನ ಬಡವರ ಕೆಲಸ ನಿಂತಿತ್ತು ಅಂದ್ರ ಏನ್ ಮಾಡೂದ್ರಿ?"

"ಫೋನ್ ಇಟ್ಟು ಅವರ ಆಫೀಸಿನ ನಂಬರ್ ಹುಡುಕಿ ನೀವ ಹಚ್ರಿ ಅಕ್ಕಾರ," ಎಂದ ವಿಕಾಸ. "ಖರೇ ಇದ್ದಾವ ಅದಕ್ಕ ಸಿಟ್ಟಿಗೇಳಂಗಿಲ್ಲ."

ಹೊಸ ನಿಯಮಗಳು ಬಂದವು. ಒಬ್ಬೊಬ್ಬರಿಗೆ ಅವರವರ ಪಾಸ್‌ವರ್ಡ್, ಕುರ್ಚಿ ಬಿಟ್ಟು ಏಳುವಾಗ ಪರದೆಗೆ ಬೀಗ. ರಿಪೋರ್ಟು ಹೋಗುವುದು ರೋಗಿ ಕೊಟ್ಟ ನಂಬರಿಗೆ ಮಾತ್ರ, ನಂಬರ್ ಬದಲಾಯಿಸಬೇಕಾದರೆ ಅವರೇ ಗುರುತಿನ ಚೀಟಿ ಹಿಡಿದು ಬರಬೇಕು. ಕೆಲಸವಿಲ್ಲದೆ ಯಾರ ರಿಪೋರ್ಟನ್ನೂ ತೆರೆಯುವಂತಿಲ್ಲ, ತೆರೆದರೆ ತೆರೆದವರ ಹೆಸರು ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಅನುಮಾನದ ಫೋನ್ ಬಂದರೆ ಅದೇ ದಿನ ಡಾಕ್ಟರರಿಗೆ ಹೇಳಬೇಕು, ಮಾಡಿದವರು ಯಾರೇ ಆಗಿರಲಿ. ಮೆಟ್ಟಿಲ ಪಕ್ಕದ ಗೋಡೆಗೆ ಮರಾಠಿಯಲ್ಲಿ ದೊಡ್ಡ ಬೋರ್ಡು ಹಾಕಿದರು: ನಿಮ್ಮ ರಿಪೋರ್ಟು ನಿಮಗೆ ಮಾತ್ರ.

ಮೊದಮೊದಲು ಕಷ್ಟವಾಯಿತು. ಜೈನರ ಮನೆಯವಳಾದ್ದರಿಂದ ಜಿನಮತಿ ಹೊತ್ತು ಮುಳುಗುವುದರೊಳಗೆ ಉಣ್ಣುತ್ತಿದ್ದಳು. ಸಂಜೆ ಜನ ತುಂಬಿರುವಾಗಲೇ ಡಬ್ಬಿ ಹಿಡಿದು ಒಳಕೋಣೆಗೆ ಓಡುವಳು, ಅರ್ಧ ದಾರಿಯಲ್ಲಿ ಪರದೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವಳು. ಪಾಸ್‌ವರ್ಡ್ ಎರಡು ಸಲ ಮರೆತಳು. ಮೂರನೆಯದನ್ನು ತಾನೇ ಕಟ್ಟಿದಳು, ಉದ್ದನೆಯದು, ತನಗೆ ಮಾತ್ರ ಅರ್ಥವಾಗುವಂಥದ್ದು. ಏನು ಇಟ್ಟಿದ್ದೀಯೆಂದು ಶೀತಲ ಕೇಳಿದರೆ ಹೇಳಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನನ್ನಿಂದ ಮುಚ್ಚಿಟ್ಟದ್ದು ಇದೊಂದೇ ನೋಡು ಎಂದು ಅವನು ನಕ್ಕ.

ಜನ ಗೊಣಗಿದರು. ಜಿನಮತಿ ಈಗ ದೊಡ್ಡಾಕಿ ಆಗ್ಯಾಳ ಎಂದರು. ಅಂಥ ಮಾತು ಕೇಳಿದ ದಿನ ಅವಳಿಗೆ ಬೇಸರವಾಗುತ್ತಿತ್ತು, ಆದರೆ ಆ ಮೆತ್ತನೆಯ ದನಿ ನೆನಪಾದರೆ ಬೇಸರ ಗಟ್ಟಿತನಕ್ಕೆ ತಿರುಗುತ್ತಿತ್ತು.

ಹೀಗಿರುವಾಗ ಅವಳ ಅಣ್ಣ ಜಿನಪಾಲ ಬಂದ. ಅವನು ನಾಂದಣಿಯಲ್ಲಿ ತೋಟ ಮಾಡಿಕೊಂಡಿದ್ದ. ಮಗ ಪ್ರತೀಕ ಅಲ್ಲಿಯೇ ಕಬ್ಬಿನ ಸಸಿಗಳ ನರ್ಸರಿ ನಡೆಸುತ್ತಿದ್ದ. ಪ್ರತೀಕನಿಗೆ ಗಡಹಿಂಗ್ಲಜದ ಮೃಣಾಲ ಎಂಬ ಹುಡುಗಿಯನ್ನು ನೋಡಿ ಎರಡೂ ಮನೆಯವರು ಒಪ್ಪಿದ್ದರು. ಹುಡುಗಿ ಇಚಲಕರಂಜಿಯಲ್ಲೇ ಬಟ್ಟೆ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುತ್ತ ಚಿಕ್ಕಮ್ಮನ ಮನೆಯಲ್ಲಿದ್ದಳು. ಸಂಬಂಧ ಹುಡುಕಿಕೊಟ್ಟವನು ಸಿದ್ದರಾಯ, ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ, ಜಿನಪಾಲನ ಹಳೆಯ ಗೆಳೆಯ. ಈಗ ಯಾರೋ ಆ ಹುಡುಗಿ ತೋಳಿಗೆ ಪಟ್ಟಿ ಅಂಟಿಸಿಕೊಂಡು ಈ ಲ್ಯಾಬಿನ ಮೆಟ್ಟಿಲು ಇಳಿಯುವುದನ್ನು ಕಂಡಿದ್ದರು. ಮಾತು ಜಿನಪಾಲನವರೆಗೆ ಮುಟ್ಟಿತ್ತು. ಜಿನಮತಿ ಒಂದೆರಡು ದಿನ ರಜೆಯಲ್ಲಿದ್ದಾಗಿನ ಸಂಗತಿ ಇರಬೇಕು, ಅವಳಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಸಂಜೆಯ ಊಟದ ಹೊತ್ತು. ಅವಳು ಒಳಕೋಣೆಯಲ್ಲಿ ಡಬ್ಬಿ ಬಿಚ್ಚಿದ್ದಳು. ಅಣ್ಣ ಸ್ಟೂಲಿನ ಮೇಲೆ ಕೂತು ದನಿ ತಗ್ಗಿಸಿದ.

"ರಿಪೋರ್ಟ್ ಕೊಡು ಅನ್ನಂಗಿಲ್ಲ ನಾ. ಒಂದ ಸಲ ನೋಡು. ನೋಡಿ ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಅಷ್ಟ ಸಾಕು."

"ಆಕಿ ಇಲ್ಲಿ ಬಂದಿದ್ಳೋ ಇಲ್ಲೋ ಅನ್ನೂದನ್ನೂ ನಾ ಹೇಳಂಗಿಲ್ಲ ಅಣ್ಣಾ."

"ನೋಡಾಕ ಬರಂಗಿಲ್ಲೋ, ನೋಡಂಗಿಲ್ಲೋ?"

ಅವಳು ರೊಟ್ಟಿಯ ತುತ್ತು ಕೆಳಗಿಟ್ಟಳು. "ನೋಡಾಕ ಬರತೈತಿ. ನೋಡಂಗಿಲ್ಲ."

ಜಿನಪಾಲನಿಗೆ ನಂಬಲಾಗಲಿಲ್ಲ. ಪ್ರತೀಕನನ್ನು ಎತ್ತಿ ಆಡಿಸಿದವಳು ನೀನು, ನಾಳೆ ಅವನ ಬಾಳು ಹಾಳಾದರೆ ಯಾರು ಹೊಣೆ ಎಂದು ಕೇಳಿದ. ಹುಡುಗಿಯ ಬಗ್ಗೆ ಚಿಂತೆಯಿದ್ದರೆ ಹುಡುಗಿಯ ಮನೆಯವರನ್ನೇ ಕೇಳು ಎಂದಳು ಅವಳು. ಅದು ಕೇಳುವ ಮಾತೇ ಎಂದು ಅವನು ಎದ್ದ. ಚಹಾ ಬಂದಿತ್ತು, ಅದನ್ನು ಮುಟ್ಟದೆ ಮೆಟ್ಟಿಲು ಇಳಿದ.

ಅದಾದ ಮೇಲೆ ಒಂದು ಮಧ್ಯಾಹ್ನ ಕೌಂಟರಿನಲ್ಲಿ ಯಾರೂ ಇರಲಿಲ್ಲ. ಜಿನಮತಿಯ ಬೆರಳು ಹುಡುಕುವ ಜಾಗದಲ್ಲಿ ಆ ಹೆಸರಿನ ಮೊದಲ ಅಕ್ಷರ ಒತ್ತಿತು. ಎಲ್ಲ ಚೆನ್ನಾಗಿಯೇ ಇರುತ್ತದೆ, ಒಂದು ಹೂಂ ಅಂದರೆ ಅಣ್ಣನ ಎದೆ ಹಗುರಾಗುತ್ತದೆ, ಮದುವೆ ನಡೆಯುತ್ತದೆ, ಯಾರಿಗೆ ನಷ್ಟ ಎಂದು ಮನಸ್ಸು ಹೇಳಿತು. ಹೆಸರು ದಾಖಲಾಗುತ್ತದೆ ಎಂಬ ಹೆದರಿಕೆ ಅವಳನ್ನು ತಡೆಯಲಿಲ್ಲ. ಬೇರೆ ಹೆಸರು ಹುಡುಕುವಾಗ ತಪ್ಪಿ ತೆರೆದೆ ಎಂದು ಡಾಕ್ಟರರಿಗೆ ಒಂದು ನೆಪ ಹೇಳಿದರೂ ಅವರು ನಂಬುತ್ತಿದ್ದರೇನೋ, ಅಷ್ಟು ಹಳಬಳು ಅವಳು. ತಡೆದದ್ದು ಇನ್ನೊಂದು ಯೋಚನೆ. ಇಂದು ಇವಳ ವಿಷಯಕ್ಕೆ ಹೂಂ ಅಂದರೆ, ನಾಳೆ ಇನ್ನೊಬ್ಬಳ ವಿಷಯಕ್ಕೆ ಬಾಯಿ ಮುಚ್ಚಿದಾಗ ಆ ಸುಮ್ಮನಿರುವುದೇ ಉತ್ತರವಾಗಿಬಿಡುತ್ತದೆ. ಒಳ್ಳೆಯ ಸುದ್ದಿಯೂ ತನ್ನದಲ್ಲ. ಅವಳು ಆ ಅಕ್ಷರ ಅಳಿಸಿದಳು, ಪರದೆಗೆ ಬೀಗ ಹಾಕಿ ನೀರು ಕುಡಿಯಲು ಎದ್ದಳು.

ಕೆಲವು ದಿನಗಳಲ್ಲಿ ಫೋನ್ ಬಂತು. ಮರಾಠಿಯಲ್ಲಿ ಒಬ್ಬ ಗಂಡಸು, ತಾನು ಮೃಣಾಲಳ ತಂದೆ ಎಂದ. ಮಗಳ ಮೊಬೈಲು ಕಳೆದಿದೆ, ನಂಬರ್ ಬದಲಿಸಿ ರಿಪೋರ್ಟನ್ನು ಈ ಹೊಸದಕ್ಕೆ ಕಳಿಸಿ ಎಂದ. ಅವರೇ ಗುರುತಿನ ಚೀಟಿ ತೆಗೆದುಕೊಂಡು ಬರಬೇಕಾಗುತ್ತದೆ ಎಂದು ಜಿನಮತಿ ಮರಾಠಿಯಲ್ಲೇ ಹೇಳಿದಳು. ತಂದೆ ಕೇಳಿದರೂ ಇಲ್ಲವೇ ಎಂದ. ಯಾರು ಕೇಳಿದರೂ ಇಲ್ಲ ಎಂದಳು. ಆ ಮನುಷ್ಯನ ತಾಳ್ಮೆ ಕೆಟ್ಟಿತು, ಮರಾಠಿ ಬಿಟ್ಟು ಹೋಯಿತು.

"ಇಷ್ಟ ಮಾಡಾಕ ಏನ್ ಆಗತೈತಿ ಯವ್ವಾ ನಿನಗ?"

ಆ 'ಯವ್ವಾ' ಅವಳಿಗೆ ಗುರುತಿನದು. ಅಣ್ಣನ ಮನೆಯ ಪಡಸಾಲೆಯಲ್ಲಿ ಕೂತು ಅವಳ ಕೈಯ ಚಹಾ ಎಷ್ಟೋ ಸಲ ಕುಡಿದ ಸಿದ್ದರಾಯನ ದನಿ.

ಅವಳು ಫೋನ್ ಇಟ್ಟಳು. ಇಲ್ಲ ಅನ್ನುವುದು ಸುಲಭವಾಗಿತ್ತು. ಕಷ್ಟವಿದ್ದದ್ದು ಮುಂದಿನದರಲ್ಲಿ, ಇದನ್ನು ಇಂದೇ ಡಾಕ್ಟರರಿಗೆ ಹೇಳಬೇಕು. ಯಾರೋ ಗೊತ್ತಿಲ್ಲದವರು ಫೋನ್ ಮಾಡಿದ್ದರು ಎಂದರೆ ನಿಯಮ ಅರ್ಧ ಪಾಲಿಸಿದಂತೆ, ಸುಳ್ಳು ಪೂರ್ತಿ ಹೇಳಿದಂತೆ. ಹೆಸರು ಹೇಳಿದರೆ ಅದರ ಹಿಂದೆ ಅಣ್ಣನ ಹೆಸರು ಬರುತ್ತದೆ. ಅವಳು ಸರತಿಯಲ್ಲಿದ್ದವರನ್ನೆಲ್ಲ ಕಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಸೋನಲರ ಕೋಣೆಗೆ ಹೋದಳು. ದನಿ ಯಾರದೆಂದು ಹೇಳಿದಳು. ಅಣ್ಣ ಬಂದು ಕೇಳಿದ್ದನ್ನೂ ಹೇಳಿದಳು.

ಸೋನಲ ಎದ್ದು ಕೋಣೆಯ ಬಾಗಿಲು ಮುಚ್ಚಿದರು. ಆಮೇಲೆ "ಸಾಂಗಿತಲಂತ ತೇ ಬರಂ ಕೇಲಂತ" ಅಂದರು, ಹೇಳಿದ್ದು ಒಳ್ಳೆಯದಾಯಿತು ಎಂದು. ಸಿದ್ದರಾಯನಿಗೆ ತಾವೇ ಫೋನ್ ಮಾಡಿ, ಯಾವ ರೋಗಿಯ ಹೆಸರನ್ನೂ ಎತ್ತದೆ, ಬೇರೆಯವರಂತೆ ನಟಿಸಿ ಮಾಹಿತಿ ಕೇಳುವುದು ಅಪರಾಧ, ಮತ್ತೊಮ್ಮೆ ಆದರೆ ಪೊಲೀಸರಿಗೆ ಹೋಗುತ್ತೇನೆ ಎಂದು ತಿಳಿಸಿದರು. ಇಂಥ ಪ್ರಯತ್ನ ನಡೆದಿದೆ ಎಂದು ಆ ಹುಡುಗಿಗೂ ತಿಳಿಸಬೇಕಾಗುತ್ತದೆ, ಅದು ಅವಳ ಹಕ್ಕು ಎಂದರು. ಇದನ್ನು ಜಿನಮತಿ ಎಣಿಸಿರಲಿಲ್ಲ. ಹುಡುಗಿಗೆ ಗೊತ್ತಾದರೆ ಸಂಬಂಧವೇ ಮುರಿಯಬಹುದು. ಅವಳು ಕಾಲಿನ ಬೆರಳು ನೋಡುತ್ತ ನಿಂತಳು, ಬೇಡ ಎನ್ನಲಿಲ್ಲ.

ಅಣ್ಣನ ಫೋನ್ ಮರುದಿನ ಬಂತು. ನನ್ನ ಗೆಳೆಯನ ಮರ್ಯಾದೆ ತೆಗೆದಿ, ನನ್ನ ಮನೆ ಕಡೆ ಬರಬೇಡ ಎಂದು ಇಟ್ಟುಬಿಟ್ಟ. ಆ ಭಾದ್ರಪದದಲ್ಲಿ ಜಿನಮತಿ ದಶಲಕ್ಷಣ ಪರ್ವಕ್ಕೆ ನಾಂದಣಿಯ ಮಠಕ್ಕೆ ಹೋಗಲಿಲ್ಲ. ಹುಟ್ಟಿದಾಗಿನಿಂದ ತಪ್ಪದ ಪರ್ವ. ಇಚಲಕರಂಜಿಯ ಬಸದಿಯಲ್ಲೇ ಕೂತು ಕೈಮುಗಿದು ಬಂದಳು. ಮನೆಗೆ ಬಂದು ಕಣ್ಣೊರೆಸುತ್ತ ಕೂತವಳನ್ನು ಕಂಡು ಶೀತಲ ಹತ್ತಿರ ಬಂದು ಕೂತ.

"ಕೈ ಸಿಗದಂಗ ಹಾಕಿದ ಮಗ್ಗದ ಗಾರ್ಡ್ ತೆಗ್ಯಾಕ ಬಿಡಂಗಿಲ್ಲ ಅಂತ ಹುಡುಗೂರು ನನಗೂ ದಿನಾ ಬೈತಾರ," ಎಂದ. "ಬೈದವರ ಕೈಯಾಗ ಇನ್ನೂ ಐದೂ ಬೆರಳ ಅದಾವ."

ಅವಳಿಗೆ ಅಳುವಿನ ನಡುವೆ ನಗು ಬಂತು.

ಪ್ರತೀಕ ಬಂದದ್ದು ಹಬ್ಬಗಳು ಮುಗಿದ ಮೇಲೆ. ತಂದೆ ಇಷ್ಟೆಲ್ಲ ಮಾಡಿದ್ದು ಅವನಿಗೆ ಆಗಷ್ಟೇ ಗೊತ್ತಾಗಿತ್ತು. ನಾಚಿಕೆಯಿಂದ ತಲೆ ಎತ್ತದೆ ಕೂತಿದ್ದ. ಹುಡುಗಿಯ ಮನೆಯವರು ಸುಮ್ಮನಾಗಿದ್ದಾರೆ, ಹೌದೂ ಅನ್ನುತ್ತಿಲ್ಲ ಬೇಡವೂ ಅನ್ನುತ್ತಿಲ್ಲ ಎಂದ. ನಾನೇನು ಮಾಡಲಿ ಅತ್ತೆ ಎಂದ.

"ಆಕೀನ್ನ ಭೆಟ್ಟಿಯಾಗು."

"ಏನಂತ ಕೇಳ್ಲಿ?"

"ರಿಪೋರ್ಟಿಂದು ಕೇಳಬ್ಯಾಡ. ಹೆಂಗದಿ ಅಂತ ಕೇಳು. ಹೇಳೂದು ಬಿಡೂದು ಆಕಿ ಮನಸು."

ಮೃಣಾಲ ರಜೆಗೆ ತಂದೆಯ ಮನೆಗೆ ಬಂದಿದ್ದಾಗ ಅವನು ಗಡಹಿಂಗ್ಲಜಕ್ಕೆ ಹೋದ. ಹುಡುಗಿಯ ತಂದೆಯ ಮುಂದೆಯೇ ತನ್ನ ತಂದೆಯ ಪರವಾಗಿ ಕ್ಷಮೆ ಕೇಳಿದ. ಅವರು ಇಬ್ಬರನ್ನೂ ತಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂಡಿಸಿ ಹೊರಗೆ ಬಂದರು. ಒಳಗೆ ಅವರು ಏನು ಮಾತಾಡಿದರೋ ಜಿನಮತಿಗೆ ಇಂದಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ನಾಂದಣಿಗೆ ತಿರುಗಿ ಬಂದ ಪ್ರತೀಕ ತಂದೆಗೆ, ನಾನು ಕೇಳಿದೆ, ಅವಳು ಹೇಳಿದಳು, ನನಗೆ ಸಾಕು, ನಿಮಗೂ ಸಾಕಾಗಬೇಕು ಎಂದ. ಜಿನಪಾಲ ಎರಡು ದಿನ ತೋಟದಲ್ಲೇ ಕಳೆದು ಮೂರನೆಯ ದಿನ ಹೂಂ ಅಂದ.

ಮದುವೆಗೆ ಮುಂಚೆ ಮೃಣಾಲ ಒಮ್ಮೆ ಲ್ಯಾಬಿಗೆ ಬಂದಳು. ಸಣ್ಣ ಮೈಕಟ್ಟಿನ, ನೇರ ನೋಟದ ಹುಡುಗಿ. ಜನ ಕರಗುವವರೆಗೆ ಬೆಂಚಿನ ಮೇಲೆ ಕೂತಿದ್ದು ಕೌಂಟರಿನ ಹತ್ತಿರ ಬಂದಳು.

"ನೀವು ಇಲ್ಲದ ದಿನ ನೋಡ್ಕೊಂಡ ನಾ ಬಂದಿದ್ದೆ ಅತ್ತಿ," ಎಂದಳು. "ಪ್ರತೀಕನ ಅತ್ತಿ ಇಲ್ಲಿ ಅದಾರ ಅಂತ ಗೊತ್ತಿತ್ತು. ಇವತ್ತ ಇಲ್ಲಂದ್ರೂ ನಾಳೆ ನೋಡ್ತಾರಲ್ಲ ಅಂತ ಅರ್ಧಾ ಮೆಟ್ಟಲ ಇಳದಿದ್ದೆ."

"ಮತ್ತ ಯಾಕ ತಿರುಗಿ ಬಂದಿ?"

"ಆ ಬೋರ್ಡ್ ನೋಡಿ. ಖರೇ ಏನ್ರಿ ಅಂತ ಡಾಕ್ಟರಗೆ ಕೇಳ್ದೆ. ಯಾರ ತೆರದ್ರೂ ಹೆಸರು ಉಳೀತೈತಿ ಅಂದ್ರು. ಆಮ್ಯಾಲೆ ಫೋನಿನ ಸುದ್ದಿ ಹೇಳಿದಾಗ ಮತ್ತ ಹೆದರಿಕಿ ಆತು. ನನ್ನ ರಿಪೋರ್ಟ್ ಯಾರ್ಯಾರು ತೆಗದಾರ ತೋರಸ್ರಿ ಅಂದೆ. ಅದರಾಗ ನಿಮ್ಮ ಹೆಸರ ಇರಲಿಲ್ಲ."

ಒಂದು ಮಧ್ಯಾಹ್ನ ಒತ್ತಿ ಅಳಿಸಿದ ಅಕ್ಷರ ಜಿನಮತಿಗೆ ನೆನಪಾಯಿತು. ಹುಡುಗಿಯ ಕೈಯ ಮೇಲೆ ಕೈಯಿಟ್ಟು, ಹೊತ್ತು ಮುಳುಗುತ್ತದೆ, ಉಂಡು ಹೋಗು ಬಾ ಎಂದು ಒಳಗೆ ಕರೆದಳು. ಇಬ್ಬರೂ ಒಂದೇ ಡಬ್ಬಿಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ ತಿಂದರು. ಮಾತೆಲ್ಲ ಮದುವೆಯ ಸೀರೆಯದು.

ಮದುವೆಯಲ್ಲಿ ಜಿನಪಾಲ ತಂಗಿಯ ಜೊತೆ ಹೆಚ್ಚು ಮಾತಾಡಲಿಲ್ಲ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲಿಲ್ಲ, ಅದು ಬರುವ ಬಾಯಿಯೂ ಅಲ್ಲ. ಆದರೆ ಗಾಣದ ಹಂಗಾಮು ಶುರುವಾದಾಗ ಪ್ರತೀಕನ ಕೈಯಲ್ಲಿ ಒಂದು ಡಬ್ಬಿ ಕಾಕವಿ ಕಳಿಸಿದ, ಬೆಲ್ಲವಾಗುವ ಮೊದಲಿನ ಆ ಗಟ್ಟಿ ಕಬ್ಬಿನ ಪಾಕ ಅವಳಿಗೆ ಚಿಕ್ಕಂದಿನಿಂದ ಪ್ರೀತಿ. ಬರುವ ಪರ್ವಕ್ಕೆ ಬಾ ಎಂದು ಹೇಳಿ ಕಳಿಸಿದ್ದ.

ಈಗ ಡಾಕ್ಟರ್ ಸೋನಲ ಗಡಹಿಂಗ್ಲಜದಲ್ಲೂ ಒಂದು ಸಣ್ಣ ಕೇಂದ್ರ ತೆರೆದಿದ್ದಾರೆ. ಅಲ್ಲಿನ ಹೊಸ ಹುಡುಗಿಯರಿಗೆ ಕೆಲಸ ಕಲಿಸಲು ವಾರಕ್ಕೊಮ್ಮೆ ಜಿನಮತಿ ಬಸ್ಸು ಹತ್ತುತ್ತಾಳೆ. ಮೊದಲ ವಾರ ಅಲ್ಲಿಗೆ ಅಕ್ಕವ್ವ ಎಂಬ ಮುದುಕಿ ಬಂದಳು. ಅವಳಿಗೆ ಮೊಬೈಲ್ ಇರಲಿಲ್ಲ. ಮೊಮ್ಮಗನ ನಂಬರ್ ಬರೆದುಕೊಳ್ಳಲೇ ಎಂದು ಹೊಸ ಹುಡುಗಿ ಕೇಳಿದಳು. ಅಕ್ಕವ್ವ ಸೆರಗಿನ ಅಂಚು ತಿರುವುತ್ತಿದ್ದಳು. ಜಿನಮತಿ ಎದ್ದು ಬಂದು, ನಂಬರ್ ಬೇಕೆಂದೇನಿಲ್ಲ, ಕಾಗದದಲ್ಲಿ ತೆಗೆದು ಲಕೋಟೆ ಮುಚ್ಚಿ ನಿಮ್ಮ ಕೈಗೇ ಕೊಡುತ್ತೇವೆ, ಓದಿ ತಿಳಿಸಬೇಕೆಂದರೆ ಡಾಕ್ಟರರೇ ತಿಳಿಸುತ್ತಾರೆ, ಮನೆಯಲ್ಲಿ ಯಾರಿಗಾದರೂ ಹೇಳಬೇಕೇ ಎಂದು ಕೇಳಿದಳು.

ಮುದುಕಿಯ ಮುಖ ಸಡಿಲಾಯಿತು.

"ಬ್ಯಾಡ. ಮನಸಿಗೆ ಬಂದ್ರ ನಾನ ಹೇಳ್ತೇನಿ," ಎಂದು ತೋಳು ಚಾಚಿ ಕೂತಳು.